ಬೆಳ್ಳಿಹಬ್ಬದ ಸಂಚಿಕೆ ತೆರೆಯುತ್ತಿಲ್ಲ

ಪ್ರಶ್ನೆ: ನಮಸ್ಕಾರ ಸರ್. ಡೊಂಬಿವಲಿಯ ನಮ್ಮ ಸಂಘ 2006ರಲ್ಲಿ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ತಂದಿತ್ತು. ಸಂಘ ಕಟ್ಟಿದ ಹಿರಿಯರೊಬ್ಬರ ನೆನಪಿನ ಬರಹ ಅದರಲ್ಲಿದೆ. ಈ ಸಲದ ವಾರ್ಷಿಕೋತ್ಸವಕ್ಕೆ ಅದನ್ನು ಮತ್ತೆ ಅಚ್ಚು ಹಾಕಿಸಬೇಕು. ಅಂದಿನ ಪ್ರೆಸ್ ಮುಚ್ಚಿಹೋಗಿದೆ. ಅವರು ಕೊಟ್ಟ ಸಿಡಿ ಮಾತ್ರ ನನ್ನ ಕಪಾಟಿನಲ್ಲಿದೆ. ಹಾಕಿ ನೋಡಿದರೆ ಕೆಲವು ವರ್ಡ್ ಫೈಲುಗಳಲ್ಲಿ ಕನ್ನಡವೇ ಇಲ್ಲ, ಏನೇನೋ ಚಿಹ್ನೆ. ಒಂದು ಫೈಲಂತೂ ತೆರೆಯುವುದೇ ಇಲ್ಲ, ದೋಷವಿದೆ ಎನ್ನುತ್ತದೆ. ‘ಪಿಎಂಡಿ’ ಎಂದು ಕೊನೆಯಾಗುವ ಹತ್ತು ಫೈಲುಗಳನ್ನು ಯಾವುದರಲ್ಲಿ ತೆರೆಯಲಿ ಎಂದು ಕಂಪ್ಯೂಟರು ನನ್ನನ್ನೇ ಕೇಳುತ್ತದೆ. ಮಗ ‘ಕರಪ್ಟ್ ಆಗಿದೆ, ಬಿಡಿ ಅಪ್ಪ’ ಎನ್ನುತ್ತಾನೆ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ ಕಾರ್ಯದರ್ಶಿಗಳೇ. ಮಗುವಿಗೆ ಏನಾದರೂ ದೃಷ್ಟಿ ತಾಗಿದೆ ಎನ್ನುತ್ತಿದ್ದರಲ್ಲ, ಕಂಪ್ಯೂಟರಿಗೆ ಈಗ ‘ಕರಪ್ಟ್’ ಎಂಬ ಮಾತು ಹಾಗಾಗಿದೆ. ನೀವು ಬರೆದ ಮೂರು ತೊಂದರೆಗಳಲ್ಲಿ ನಿಜವಾಗಿ ಕೆಟ್ಟಿರಬಹುದಾದ್ದು ಒಂದೇ.

ಮೊದಲು ಸಿಡಿಯಲ್ಲಿರುವುದನ್ನೆಲ್ಲ ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಳ್ಳಿ. ಏನೇ ಪ್ರಯೋಗ ಮಾಡುವುದಿದ್ದರೂ ಆ ಕಾಪಿಯ ಮೇಲೆಯೇ. ಕಾಪಿ ಅರ್ಧದಲ್ಲಿ ನಿಂತರೆ ಫೈಲನ್ನು ದೂರಬೇಡಿ, ಸಿಡಿಯನ್ನು ಬೆಳಕಿಗೆ ಹಿಡಿದು ನೋಡಿ. ಮುಂಬಯಿಯ ಮಳೆಗಾಲದ ತೇವಕ್ಕೆ ಕಪಾಟಿನೊಳಗಿನ ಸಿಡಿಗೂ ಬಿಳಿ ಮಚ್ಚೆ ಬರುತ್ತದೆ. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ದೋಸೆ ಹೊಯ್ಯುವಂತೆ ಸುತ್ತು ಹಾಕಬೇಡಿ. ಆಗಲೂ ಓದದಿದ್ದರೆ ಬೇರೆ ಡ್ರೈವಿನಲ್ಲಿ ಹಾಕಿ. ಒಂದು ಓದದ್ದನ್ನು ಇನ್ನೊಂದು ಓದಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಈಗ ಚಿಹ್ನೆಗಳ ವಿಷಯ. ‘ಕನ್ನಡ’ ಎಂದು ಇರಬೇಕಾದ ಕಡೆ ನಿಮಗೆ ಕಾಣುತ್ತಿರುವುದು ಹೀಗಿರಬೇಕು: ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಗೀರು ಎಳೆದ ದೊಡ್ಡ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಅದೇ ಗೀರಿನ ಎ. ಪುಟದ ತುಂಬ ಈ ಗೀರಿನ ಎ ಇದ್ದರೆ ಸಂತೋಷಪಡಿ, ಅದು ನಮ್ಮ ತಲೆಕಟ್ಟು! ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಪಿ ಇದ್ದಲ್ಲಿ ಕಕಾರದ ಮೈ, ಗೀರಿನ ಎ ಇದ್ದಲ್ಲಿ ತಲೆಕಟ್ಟು, ಎರಡೂ ಸೇರಿದರೆ ಕ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಎಂದೂ ಕನ್ನಡವಾಗಿರಲೇ ಇಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರ. ನಿಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲ, ವೇಷ ಕಳಚಿದೆ, ಅಷ್ಟೇ. ಫೈಲಿಗೆ ಏನೂ ಆಗಿಲ್ಲ.

ಯಾವ ಫಾಂಟ್ ಬೇಕು ಎಂಬುದನ್ನು ಫೈಲೇ ಹೇಳುತ್ತದೆ. ಆ ಚಿಹ್ನೆಗಳ ನಡುವೆ ಕರ್ಸರ್ ಇಟ್ಟು, ವರ್ಡ್‌ನಲ್ಲಿ ಮೇಲೆ ಫಾಂಟಿನ ಹೆಸರು ಬರುವ ಪೆಟ್ಟಿಗೆ ನೋಡಿ. ಕಂಪ್ಯೂಟರಿನಲ್ಲಿ ಇಲ್ಲದ ಫಾಂಟಿನ ಹೆಸರೂ ಅಲ್ಲಿ ಕಾಣುತ್ತದೆ. ನುಡಿ ಎಂದಿದ್ದರೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಹಾಕಿಕೊಳ್ಳಿ, ಉಚಿತ. ‘ಬಿಆರ್‌ಎಚ್’ ಎಂದಿದ್ದರೆ ಬರಹ. ‘ಶ್ರೀ’ ಎಂದು ಶುರುವಾಗಿ ಮುಂದೆ ಅಂಕಿಗಳಿದ್ದರೆ ಅದು ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನವರ ಶ್ರೀಲಿಪಿ. ಮಹಾರಾಷ್ಟ್ರದ ಪ್ರೆಸ್ಸುಗಳಲ್ಲಿ ಅದರ ಬಳಕೆ ಬಹಳ, ಹಾಗಾಗಿ ನಿಮ್ಮ ಸಂಚಿಕೆಯೂ ಅದರಲ್ಲೇ ಇದ್ದರೆ ನನಗೆ ಆಶ್ಚರ್ಯವಿಲ್ಲ. ಶ್ರೀಲಿಪಿಯ ಗುಟ್ಟೇ ಬೇರೆ. ವೇಷದ ಅಕ್ಷರವನ್ನು ನಿಜವಾದ ಕನ್ನಡಕ್ಕೆ ಬದಲಿಸುವ ನುಡಿಯ ಪರಿವರ್ತಕಕ್ಕೆ ಅದನ್ನು ಕೊಟ್ಟರೆ ಅಂಬಲಿಯಾಗಿ ಹೊರಗೆ ಬರುತ್ತದೆ.

ಫಾಂಟ್ ಹಾಕಿದ ಮೇಲೆ ಓದಲು ಬರುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ, ಯೂನಿಕೋಡಿಗೆ ಬದಲಿಸಿ. ಅದರಲ್ಲಿ ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತವಿದೆ, ವೇಷ ಬೇಕಿಲ್ಲ. ಬದಲಿಸಿದ ಮೇಲೆ ಮೂರು ಕಡೆ ಕಣ್ಣಿಟ್ಟು ಓದಬೇಕು: ಅರ್ಕಾವೊತ್ತು, ಎರಡೆರಡು ಒತ್ತು ಬರುವ ಪದಗಳು, ನಡುನಡುವೆ ಬಂದ ಇಂಗ್ಲಿಷ್. ಪರಿವರ್ತಕಕ್ಕೆ ಇಂಗ್ಲಿಷಿನ ‘ಪಿ’ಗೂ ವೇಷದ ‘ಪಿ’ಗೂ ವ್ಯತ್ಯಾಸ ತಿಳಿಯದು. ದಾನಿಗಳ ಪಟ್ಟಿಯಲ್ಲಿ ಒಬ್ಬರ ಇಂಗ್ಲಿಷ್ ಇನಿಶಿಯಲ್ ಅರ್ಧ ಕಕಾರವಾಗಿ ಅಚ್ಚಾದರೆ ಫೋನು ಬರುವುದು ನಿಮಗೇ.

ಇನ್ನು ಆ ಹತ್ತು ಪಿಎಂಡಿ ಫೈಲುಗಳು. ಅವು ಪ್ರೆಸ್ಸಿನವರು ಪುಟ ಜೋಡಿಸಲು ಬಳಸುತ್ತಿದ್ದ ಅಡೋಬಿ ಪೇಜ್‌ಮೇಕರ್ ತಂತ್ರಾಂಶದವು. ಹೆಸರಿನ ಬಾಲ ಬದಲಿಸಿ ಡಾಕ್ ಎಂದು ಬರೆದರೆ ವರ್ಡ್ ತೆರೆಯುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಡಬ್ಬಿಯ ಚೀಟಿ ಬದಲಿಸಿದರೆ ಉಪ್ಪು ಸಕ್ಕರೆಯಾಗುವುದಿಲ್ಲ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದರಾಚೆ ಆವೃತ್ತಿ ಬರಲಿಲ್ಲ. ಅದಕ್ಕೆ ಯೂನಿಕೋಡ್ ಗೊತ್ತೇ ಇರಲಿಲ್ಲ. ಭಾರತದ ಭಾಷೆಗಳ ಡಿಟಿಪಿಯವರು ಅಷ್ಟು ವರ್ಷ ವೇಷದ ಫಾಂಟುಗಳಿಗೇ ಅಂಟಿಕೊಂಡಿದ್ದಕ್ಕೆ ಅದೂ ಒಂದು ದೊಡ್ಡ ಕಾರಣ.

ದಾರಿ ಎರಡು. ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶ 2015ರ 4.4ನೇ ಆವೃತ್ತಿಯಿಂದ ಪೇಜ್‌ಮೇಕರ್ ಫೈಲುಗಳನ್ನು ಓದುತ್ತದೆ. ಅದರ ಡ್ರಾ ವಿಭಾಗದಲ್ಲಿ ತೆರೆಯಿರಿ. ಪುಟ ಚೆಲ್ಲಾಪಿಲ್ಲಿಯಾಗಿ ಕಂಡೀತು, ಹೆದರಬೇಡಿ. ನಿಮಗೆ ಬೇಕಾದದ್ದು ಮಾತು, ಪುಟವಿನ್ಯಾಸವಲ್ಲ. ಪಠ್ಯವನ್ನು ವರ್ಡಿಗೆ ತಂದು ಮೇಲೆ ಹೇಳಿದ ಹಾಗೆ ಬದಲಿಸಿಕೊಳ್ಳಿ. ಹಳೆಯ ಪುಟ ಇದ್ದ ಹಾಗೆಯೇ ಬೇಕೆಂದರೆ ಮದುವೆ ಕಾರ್ಡ್ ಅಚ್ಚು ಹಾಕುವ ಹಳೆಯ ಪ್ರೆಸ್ಸುಗಳಲ್ಲಿ ವಿಚಾರಿಸಿ. ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಇಟ್ಟುಕೊಂಡವರು ಇನ್ನೂ ಇದ್ದಾರೆ. ಅವರಲ್ಲಿ ಪಿಡಿಎಫ್ ಮಾಡಿಸಿ, ಫಾಂಟನ್ನು ಪಿಡಿಎಫ್ ಒಳಗೇ ಸೇರಿಸಲು ಹೇಳಿ.

ತೆರೆಯಲೇ ಒಲ್ಲೆ ಎನ್ನುವ ಆ ಒಂದು ಫೈಲು ಮಾತ್ರ ಕೆಟ್ಟಿರಬಹುದು. ಅದರ ಗಾತ್ರ ನೋಡಿ. ಸೊನ್ನೆ ಎಂದಿದ್ದರೆ ಒಳಗೆ ಏನೂ ಇಲ್ಲ, ಸಮಯ ಹಾಳುಮಾಡಬೇಡಿ. ಗಾತ್ರ ಇದ್ದರೆ ಅದರ ಕಾಪಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ಅಕ್ಷರಗಳನ್ನಷ್ಟೇ ನೋಡಿ. ಪಿ, ಕೆ ಎಂದು ಶುರುವಾದರೆ ಅದು ಜಿಪ್ ಕಟ್ಟು, ಅಂದರೆ ಫೈಲುಗಳನ್ನು ಕುಗ್ಗಿಸಿ ಒಂದಾಗಿ ಕಟ್ಟಿದ ಮೂಟೆ. 1989ರಲ್ಲಿ ಹೀಗೆ ಕಟ್ಟುವ ಪಿಕೆಜಿಪ್ ತಂತ್ರಾಂಶ ತಂದ ಫಿಲ್ ಕಾಟ್ಜ್ ತನ್ನ ಇನಿಶಿಯಲ್ಲನ್ನು ಅಲ್ಲಿ ಸೇರಿಸಿಟ್ಟ. ಆಫೀಸ್ 2007ರಿಂದ ಬಂದ ವರ್ಡಿನ ಡಾಕ್ಸ್ (docx) ಫೈಲೂ ಒಳಗೊಳಗೆ ಜಿಪ್ಪೇ, ಹಾಗಾಗಿ ಇಂದಿಗೂ ನಾವು ಬರೆಯುವ ಅರ್ಜಿ, ಆಮಂತ್ರಣಗಳ ತಲೆಯಲ್ಲೆಲ್ಲ ಅವನ ಹೆಸರಿದೆ. ಶೇಕಡಾ ಚಿಹ್ನೆಯ ಜೊತೆ ಪಿಡಿಎಫ್ ಎಂದಿದ್ದರೆ ಅದು ಪಿಡಿಎಫ್. ಪ್ರೆಸ್ಸಿನ ಹುಡುಗ ಅವಸರದಲ್ಲಿ ತಪ್ಪು ಬಾಲ ಅಂಟಿಸಿರಬಹುದು, ಸರಿಯಾದ ಬಾಲ ಹಾಕಿದರೆ ತೆರೆಯುತ್ತದೆ. ಬಾಲವೇ ಕಾಣದಿದ್ದರೆ, ವಿಂಡೋಸ್ ಅದನ್ನು ಮುಚ್ಚಿಡುತ್ತದೆ. ಫೋಲ್ಡರಿನ ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ಗೆ ಟಿಕ್ ಹಾಕಿ.

ನೋಡಿ ಮುಗಿದ ಮೇಲೆ ನೋಟ್‌ಪ್ಯಾಡನ್ನು ಸುಮ್ಮನೆ ಮುಚ್ಚಿ. ಸೇವ್ ಒತ್ತಬೇಡಿ! ವರ್ಷಗಳ ಹಿಂದೆ ಸ್ನೇಹಿತರೊಬ್ಬರ ಯಕ್ಷಗಾನ ತಾಳಮದ್ದಲೆಯ ಆಮಂತ್ರಣವನ್ನು ಹೀಗೇ ತೆರೆದು, ಬೆರಳಿನ ಅಭ್ಯಾಸಬಲದಿಂದ ಸೇವ್ ಒತ್ತಿಬಿಟ್ಟೆ. ಅಲ್ಲಿಯವರೆಗೆ ಆ ಫೈಲಿನ ಬಾಲವಷ್ಟೇ ತಪ್ಪಾಗಿತ್ತು. ನಿಜವಾಗಿ ಕೆಡಿಸಿದವ ನಾನು. ರಾತ್ರಿ ಕುಳಿತು ಅವರೇ ಮತ್ತೆ ಬರೆದರು, ನನಗೆ ಚಹಾ ಕೊಟ್ಟೇ ಕಳಿಸಿದರು.

ಫೈಲು ವರ್ಡ್‌ನದೇ ಎಂದು ಖಾತ್ರಿಯಾದರೆ ವರ್ಡಿನಲ್ಲಿ ಫೈಲ್, ಓಪನ್, ಬ್ರೌಸ್ ಎಂದು ಹೋಗಿ. ಫೈಲನ್ನು ಒಮ್ಮೆ ಮಾತ್ರ ಕ್ಲಿಕ್ ಮಾಡಿ, ಓಪನ್ ಗುಂಡಿಯ ಪಕ್ಕದ ಚಿಕ್ಕ ಬಾಣ ಒತ್ತಿದರೆ ಕೊನೆಯಲ್ಲಿ ‘ಓಪನ್ ಅಂಡ್ ರಿಪೇರ್’ ಇದೆ. ಅದೂ ಸೋತರೆ ಲಿಬ್ರೆಆಫೀಸ್ ರೈಟರ್‌ನಲ್ಲಿ ಪ್ರಯತ್ನಿಸಿ. ವರ್ಡ್ ಮುಖ ತಿರುಗಿಸಿದ ಹಳೆಯ ಫೈಲನ್ನು ಅದು ಎಷ್ಟೋ ಸಲ ತೆರೆದುಕೊಡುತ್ತದೆ.

ಇಷ್ಟು ಹೇಳಿಯೂ ಒಂದು ಮಾತು. ನಿಮಗೆ ಬೇಕಾದ ಬರಹ ನಾಲ್ಕೈದು ಪುಟದ್ದಾಗಿದ್ದು, ಅಚ್ಚಾದ ಸಂಚಿಕೆ ಯಾರ ಮನೆಯಲ್ಲಾದರೂ ಇದ್ದರೆ, ಅದನ್ನು ಸ್ಕ್ಯಾನ್ ಮಾಡಿ ಗೂಗಲ್ ಡ್ರೈವಿಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದ ಕನ್ನಡವನ್ನು ಅದು ಅಕ್ಷರ ಮಾಡಿಕೊಡುತ್ತದೆ. ತಪ್ಪು ತಿದ್ದಲು ಒಂದು ಸಂಜೆ ಸಾಕು. ಸಿಡಿಯ ಹಿಂದೆ ಬಿದ್ದರೆ ಒಂದು ವಾರ ಹೋದೀತು.

ಪ್ರಶ್ನೆ: ಚಿಂಚವಾಡದಲ್ಲಿ ಚಿಕ್ಕ ವರ್ಕ್‌ಶಾಪ್ ನಡೆಸುತ್ತೇನೆ. ಬ್ಯಾಂಕಿನಿಂದ ಇಳಿಸಿಕೊಂಡ ಎಕ್ಸೆಲ್ ಸ್ಟೇಟ್‌ಮೆಂಟ್ ತೆರೆಯುವಾಗ ‘ಫೈಲಿನ ಬಗೆಗೂ ಬಾಲಕ್ಕೂ ಹೊಂದಿಕೆಯಿಲ್ಲ’ ಎಂಬ ಎಚ್ಚರಿಕೆ. ಕೆಲವೊಮ್ಮೆ ಬರೀ ಬೂದು ಕಿಟಕಿ, ಒಳಗೆ ಏನೂ ಇಲ್ಲ. ವೈರಸ್ಸೇ?

ಉತ್ತರ: ಬ್ಯಾಂಕಿನ ಜಾಲತಾಣದಿಂದ ನೀವೇ ಇಳಿಸಿಕೊಂಡದ್ದಾದರೆ ವೈರಸ್ ಭಯ ಬೇಡ. ಕೆಲವು ಬ್ಯಾಂಕುಗಳ ತಂತ್ರಾಂಶ ಜಾಲಪುಟದ ಕೋಷ್ಟಕವನ್ನೇ ಎತ್ತಿ, ಎಕ್ಸೆಲ್‌ನ ಬಾಲ ಅಂಟಿಸಿ ಕೊಟ್ಟುಬಿಡುತ್ತದೆ. ಎಕ್ಸೆಲ್ ದೂರುವುದು ಅದನ್ನೇ. ‘ಯೆಸ್’ ಒತ್ತಿ ತೆರೆದು, ಸೇವ್ ಆ್ಯಸ್‌ನಲ್ಲಿ ಎಕ್ಸೆಲ್ ವರ್ಕ್‌ಬುಕ್ ಆರಿಸಿ ಉಳಿಸಿ, ಆಮೇಲೆ ಸಿಎಗೆ ಕಳಿಸಿ. ಬೂದು ಕಿಟಕಿ ಬಂದರೆ ಫೈಲಿನ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಕೆಳಗೆ ‘ಅನ್‌ಬ್ಲಾಕ್’ಗೆ ಟಿಕ್ ಹಾಕಿ. ಇಂಟರ್‌ನೆಟ್‌ನಿಂದ ಬಂದ ಫೈಲಿಗೆ ವಿಂಡೋಸ್ ಹಾಕುವ ಗುರುತು ಅದರಿಂದ ಹೋಗುತ್ತದೆ. ಇಮೇಲಿನಲ್ಲಿ ಯಾರೋ ಕಳಿಸಿದ ‘ಸ್ಟೇಟ್‌ಮೆಂಟ್’ಗೆ ಮಾತ್ರ ಇದನ್ನೆಲ್ಲ ಮಾಡಬೇಡಿ.

ಇನ್ನೊಂದು ಕಿರಿಕಿರಿ ನಿಮಗೆ ಇನ್ನೂ ಎದುರಾಗಿರಲಿಕ್ಕಿಲ್ಲ: ಇಂಥ ಫೈಲಿನಲ್ಲಿ ಮೊತ್ತದ ಕಾಲಂ ಕೂಡಿಸಿದರೆ ಸೊನ್ನೆ ಬರಬಹುದು. ಅಂಕಿಗಳು ಅಕ್ಷರವಾಗಿ ಕೂತಿರುತ್ತವೆ. ಕಾಲಂ ಆರಿಸಿ, ಡೇಟಾ ಮೆನುವಿನ ‘ಟೆಕ್ಸ್ಟ್ ಟು ಕಾಲಮ್ಸ್’ ಒತ್ತಿ ನೇರ ಫಿನಿಶ್ ಕೊಡಿ, ಹೆಚ್ಚಿನ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಪ್ರಶ್ನೆ: ವಾಸ್ಕೊದಲ್ಲಿ ತಮ್ಮನ ಗೃಹಪ್ರವೇಶದ ಫೋಟೊಗಳನ್ನು ನಾದಿನಿ ಐಫೋನಿನಿಂದ ಪೆನ್ ಡ್ರೈವಿಗೆ ಹಾಕಿಸಿ ಕೊಟ್ಟಳು. ನಮ್ಮ ಕಂಪ್ಯೂಟರಿನಲ್ಲಿ ಒಂದೂ ತೆರೆಯುತ್ತಿಲ್ಲ. ಹೆಸರಿನ ಕೊನೆಗೆ ಎಚ್‌ಇಐಸಿ ಎಂದಿದೆ.

ಉತ್ತರ: ಅಕ್ಕ, 2017ರ ಐಒಎಸ್ 11ರಿಂದ ಐಫೋನು ಜಾಗ ಉಳಿಸಲು ಫೋಟೊಗಳನ್ನು ಈ ಬಗೆಯಲ್ಲೇ ಇಡುತ್ತದೆ. ಎಷ್ಟೋ ವಿಂಡೋಸ್ ಕಂಪ್ಯೂಟರುಗಳಿಗೆ ಇದನ್ನು ಓದಲು ಹೆಚ್ಚಿನ ತುಂಡು ತಂತ್ರಾಂಶ ಬೇಕು. ಅದಕ್ಕಿಂತ ಸುಲಭ, ಫೋಟೊಗಳನ್ನು ಗೂಗಲ್ ಫೋಟೋಸ್‌ಗೆ ಏರಿಸಿ ಅಲ್ಲೇ ನೋಡುವುದು. ಮುಂದಿನ ಸಮಾರಂಭಕ್ಕೆ ಮೊದಲು ನಾದಿನಿಯ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಫಾರ್ಮ್ಯಾಟ್ಸ್, ‘ಮೋಸ್ಟ್ ಕಂಪ್ಯಾಟಿಬಲ್’ ಎಂದು ಬದಲಿಸಿಬಿಡಿ, ಮಾಮೂಲು ಜೆಪೆಗ್ ಬರುತ್ತದೆ. ಈಗಾಗಲೇ ತೆಗೆದವು ಮಾತ್ರ ಹಾಗೇ ಇರುತ್ತವೆ. ವಾಟ್ಸಾಪಿನಲ್ಲಿ ಕಳಿಸಿದರೂ ತೆರೆಯುತ್ತವೆ ನಿಜ, ಆದರೆ ಅದು ಫೋಟೊವನ್ನು ಕುಗ್ಗಿಸುತ್ತದೆ. ಫ್ರೇಮ್ ಹಾಕಿಸುವ ಉದ್ದೇಶ ಇರುವ ಎರಡು ಮೂರನ್ನಾದರೂ ಹಾಗೆ ತರಿಸಿಕೊಳ್ಳಬೇಡಿ.