ದೇವಿಮನೆ ಘಟ್ಟದ ಲೇಖನ: ಈಗಿರುವ ಹಾಗೆ ಅಚ್ಚು ಹಾಕಲಾರೆ

ನಮಸ್ಕಾರ.

ಕಾರಿನಲ್ಲಿ ಸಿಲುಕಿದವರನ್ನು ಬಿಡಿಸುವ ಬಗ್ಗೆ ಶಿರಸಿಯಿಂದ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ದೇವಿಮನೆ ಘಟ್ಟದಲ್ಲಿ ಕಾರು ಮರಕ್ಕೆ ಗುದ್ದುತ್ತದೆ. ಊರವರು ಓಡಿ ಬಂದು ಮುಂದಿನ ಗಾಜಿಗೆ ಕಲ್ಲು ಹಾಕುತ್ತಾರೆ, ಹಾರೆಯಿಂದ ಬಾಗಿಲು ಮೀಟುತ್ತಾರೆ, ಡ್ರೈವರನ್ನು ರಟ್ಟೆ ಹಿಡಿದು ಎಳೆದು ಸಿಕ್ಕ ಟೆಂಪೋಗೆ ಹಾಕಿ ಕಳಿಸುತ್ತಾರೆ. ಓದುಗರೂ ಹೀಗೇ ಮಾಡಬೇಕು ಅನ್ನುತ್ತೀರಿ.

ನಿಮ್ಮ ಬರವಣಿಗೆಯಲ್ಲಿ ಜೀವ ಇದೆ. ಆ ಮಳೆ, ಆ ತಿರುವು ಕಣ್ಣಿಗೆ ಕಟ್ಟುತ್ತವೆ. ಆದರೆ ಸಲಹೆಯೇ ತಪ್ಪು. ನಾಳೆ ಅರಬೈಲ್ ಘಟ್ಟದಲ್ಲಿ ಯಾರಾದರೂ ಇದನ್ನು ನಂಬಿ ಎಳೆದರೆ, ಕತ್ತಿಗೆ ಅಥವಾ ಬೆನ್ನುಮೂಳೆಗೆ ಪೆಟ್ಟಾದ ಮನುಷ್ಯ ಜೀವನಪೂರ್ತಿ ಹಾಸಿಗೆ ಹಿಡಿಯಬಹುದು. ಬೆಂಕಿ ಕಂಡರೆ, ಕಾರು ನೀರಿಗೆ ಇಳಿಯುತ್ತಿದ್ದರೆ ಮಾತು ಬೇರೆ. ಆಗ ಹೇಗಾದರೂ ಹೊರಗೆ ತರಲೇಬೇಕು. ಈ ವ್ಯತ್ಯಾಸದ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ.

ಗಾಜಿನ ವಿಷಯಕ್ಕೆ ಬನ್ನಿ. ಮುಂದಿನದು ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ್ದು. ಕಲ್ಲು ಹಾಕಿದರೆ ಬಿರುಕು ಬಿಡುತ್ತದೆ, ಉದುರುವುದಿಲ್ಲ. ಅದನ್ನು ಅಗ್ನಿಶಾಮಕ ದಳದವರು ಗರಗಸದಿಂದ ಕೊಯ್ದು ತೆಗೆಯುತ್ತಾರೆ. ಬಾಗಿಲಿನ ಗಾಜು ಸಾಮಾನ್ಯವಾಗಿ ಬೇರೆ ಥರದ್ದು. ಮೂಲೆಯಲ್ಲಿ ಚೂಪಾದ ಲೋಹದಿಂದ ಹೊಡೆದರೆ ಪೂರ್ತಿ ಪುಡಿಯಾಗುತ್ತದೆ. ಗಾಯಾಳುವಿಂದ ದೂರದ ಕಿಟಕಿ ಆರಿಸಿಕೊಳ್ಳಬೇಕು, ಆತನಿಗೆ ಮೊದಲೇ ಕಂಬಳಿ ಹೊದಿಸಬೇಕು.

ಲೇಖನದ ನಿಜವಾದ ಸರಕು ನೀವು ಮುಟ್ಟದೇ ಬಿಟ್ಟ ಕಡೆ ಇದೆ. ಈಗಿನ ಕಾರು ಬರೀ ತಗಡಲ್ಲ. ಎರಡು ಬಾಗಿಲುಗಳ ನಡುವಿನ ಕಂಬಕ್ಕೆ ಬೋರಾನ್ ಸೇರಿಸಿದ ಗಟ್ಟಿ ಉಕ್ಕು ಹಾಕಿರುತ್ತಾರೆ. ದ್ರವದ ಒತ್ತಡದಿಂದ ಲೋಹ ಕತ್ತರಿಸುವ ಹಳೆಯ ಹೈಡ್ರಾಲಿಕ್ ಕಟರ್ ಅದರ ಮುಂದೆ ಸೋಲಬಹುದು. ಆಗ ಬೇರೆ ಜಾಗ ಹುಡುಕಬೇಕು. ಎಲ್ಲೆಂದರಲ್ಲಿ ಕತ್ತರಿಸುವಂತೆಯೂ ಇಲ್ಲ. ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದರ ಗ್ಯಾಸ್ ಸಿಲಿಂಡರ್ ಚಾವಣಿಯ ಅಂಚಿನಲ್ಲೋ ಕಂಬದೊಳಗೋ ಅಡಗಿರುತ್ತದೆ. ಕಟರಿನ ಬಾಯಿಗೆ ಅದು ಸಿಕ್ಕರೆ ಸಿಡಿಯುತ್ತದೆ. ಹಾಗಾಗಿ ತಿಳಿದವರು ಮೊದಲು ಒಳಗಿನ ಪ್ಲಾಸ್ಟಿಕ್ ಹೊದಿಕೆ ಕಿತ್ತು, ಟಾರ್ಚ್ ಬಿಟ್ಟು ನೋಡಿ, ಆಮೇಲೆ ಕಟರ್ ಇಡುತ್ತಾರೆ.

ಬ್ಯಾಟರಿಯ ಕಥೆಯೂ ಹಾಗೇ. ಮೊದಲು ನೆಗೆಟಿವ್ ತಂತಿ ಬಿಚ್ಚಬೇಕು. ಆದರೆ ಅದಕ್ಕೂ ಮುಂಚೆ ಕರೆಂಟಿನ ಕಿಟಕಿ ಇಳಿಸಿಕೊಳ್ಳಬೇಕು. ಸೀಟು ಕರೆಂಟಿನದಾದರೆ, ಗಾಯಾಳುವಿಗೆ ತೊಂದರೆ ಆಗದಿದ್ದರೆ, ಅದನ್ನೂ ಹಿಂದೆ ಸರಿಸಿಕೊಳ್ಳಬೇಕು. ತಂತಿ ಬಿಚ್ಚಿದ ಮೇಲೆ ಎರಡೂ ಕದಲುವುದಿಲ್ಲ. ಬಿಚ್ಚಿದ ಕೂಡಲೇ ಅಪಾಯ ಮುಗಿಯಿತು ಅಂತಲೂ ಇಲ್ಲ. ಏರ್‌ಬ್ಯಾಗಿನಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಬಿಚ್ಚಿಕೊಳ್ಳದ ಏರ್‌ಬ್ಯಾಗಿನ ಎದುರು ತಲೆ ಒಡ್ಡಬಾರದು. ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ಲನ್ನಂತೂ ಯಾರೂ ಮುಟ್ಟಬಾರದು. ಆ ಕಾರು ಸದ್ದಿಲ್ಲದೆ ಚಾಲೂ ಇರಬಹುದು, ನಿಂತಿದೆ ಅಂದುಕೊಂಡರೆ ಕಷ್ಟ.

ಕಾಲು ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕಿದರೆ ಕಾಲನ್ನು ಎಳೆಯುವುದಿಲ್ಲ. ಹೈಡ್ರಾಲಿಕ್ ರಾಮ್, ಅಂದರೆ ಒತ್ತಡದಿಂದ ಉದ್ದವಾಗುತ್ತಾ ತಳ್ಳುವ ಕೊಳವೆ, ಕೊಟ್ಟು ಡ್ಯಾಶ್‌ಬೋರ್ಡನ್ನೇ ಮುಂದಕ್ಕೆ ತಳ್ಳುತ್ತಾರೆ. ಈ ನಿಧಾನದ ಕೆಲಸ ಬರೆಯಿರಿ. ನಿಮ್ಮ ಓಡಾಟದ ದೃಶ್ಯಕ್ಕಿಂತ ಓದುಗರನ್ನು ಇದೇ ಜಾಸ್ತಿ ಹಿಡಿದಿಡುತ್ತದೆ.

ಹಾಗಾದರೆ ದಾರಿಹೋಕರು ಸುಮ್ನೆ ನಿಲ್ಲಬೇಕಾ? ಖಂಡಿತ ಇಲ್ಲ. ಹಿಂದೆ ಬರುವ ಗಾಡಿ ನಿಲ್ಲಿಸಲಿ. 112ಕ್ಕೆ ಫೋನ್ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಲಿ. ಟಯರಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಲಿ. ಸುರಿಯುವ ರಕ್ತವನ್ನು ಬಟ್ಟೆಯಿಂದ ಒತ್ತಿ ಹಿಡಿಯಲಿ. ಕತ್ತು ಅಲ್ಲಾಡದಂತೆ ಹಿಡಿದು ಗಾಯಾಳುವಿನ ಜೊತೆ ಮಾತಾಡುತ್ತಿರಲಿ. ಪೊಲೀಸ್ ಕೇಸಿನ ಹೆದರಿಕೆಗೆ ಜನ ಹಿಂದೆ ಸರಿಯುತ್ತಾರೆ, ಅಲ್ವಾ? 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಒಳ್ಳೆ ಮನಸ್ಸಿನಿಂದ ನೆರವಾದವರನ್ನು ಕಾಯುತ್ತದೆ. ಅದನ್ನು ಮೊದಲ ಪುಟದಲ್ಲೇ ಹಾಕಿ.

ತಿದ್ದುವ ಮುಂಚೆ ನಿಮ್ಮ ಹತ್ತಿರದ ಅಗ್ನಿಶಾಮಕ ಠಾಣೆಗೆ ಹೋಗಿ, ಅವರ ಉಪಕರಣ ನೋಡಿ ಬನ್ನಿ. ಯಾವುದು ಏನು ಮಾಡುತ್ತದೆ ಅಂತ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ತಿದ್ದಿದ್ದನ್ನು ನನಗೇ ಕಳಿಸಿ, ನಾನೇ ಓದುತ್ತೇನೆ. ಜೊತೆಗಿಟ್ಟ ಫೋಟೋದಲ್ಲಿ ಗಾಯಾಳುವಿನ ಮುಖ ಕಾಣುತ್ತದೆ. ಅದನ್ನು ಹಾಕುವುದಿಲ್ಲ.

ಸಂಪಾದಕ