ಎದೆಯ ಮೇಲಿನ ಅಡಿಕೆ ಗುರುತು

ಪ್ರಿಯ ಬರಹಗಾರರಿಗೆ ನಮಸ್ಕಾರ.

ಕಾಸರಗೋಡಿನ ಬದಿಯಡ್ಕದಿಂದ ನೀವು ಕಳುಹಿಸಿದ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಕೈಬಿಡುವುದಕ್ಕೂ ಮನಸ್ಸಿಲ್ಲ, ಅದಕ್ಕೇ ಈ ಉದ್ದನೆಯ ಪತ್ರ.

ನಿಮ್ಮ ಕಥೆ ಇಷ್ಟು. ಏಪ್ರಿಲ್ ತಿಂಗಳು. ತೋಟದ ಮನೆಯಲ್ಲಿ ಒಬ್ಬರೇ ಇರುವ ವೃದ್ಧರನ್ನು ಆಸ್ತಿಯ ಜಗಳದಲ್ಲಿ ಅವರ ತಮ್ಮ ಮುಸ್ಸಂಜೆ ಏಳು ಗಂಟೆಗೆ ಅಂಗಳದಲ್ಲಿ ಹೊಡೆದು ಕೊಲ್ಲುತ್ತಾನೆ. ಅರ್ಧ ಗಂಟೆಯೊಳಗೆ ಹೆಣವನ್ನು ಗುಡ್ಡದಲ್ಲಿ ನೀರಿಗಾಗಿ ಕೊರೆದ ಸುರಂಗದ ಬಾಯಿಗೆ ಹೊತ್ತು, ಜಾರಿ ಬಿದ್ದವರ ಹಾಗೆ ಅಂಗಾತ ಮಲಗಿಸುತ್ತಾನೆ. ಬೆಳಗ್ಗೆ ಆರಕ್ಕೆ ಮಗನ ಕಣ್ಣಿಗೆ ಬೀಳುತ್ತದೆ. ಅಂಗಳದಲ್ಲಿ ಸಿಕ್ಕಿದ ಅಂಗಿಯ ಗುಂಡಿಯೊಂದರಿಂದ ಗುಟ್ಟು ರಟ್ಟಾಗುತ್ತದೆ.

ಸುರಂಗದ ವರ್ಣನೆ ಚೆನ್ನಾಗಿದೆ. ಮುರಕಲ್ಲನ್ನು ಅಡ್ಡಕ್ಕೆ ಕೊರೆದ ಆ ಕತ್ತಲು, ಒಳಗಿನಿಂದ ಹನಿ ಹನಿಯಾಗಿ ಬರುವ ನೀರು, ಬಾಯಿಯಲ್ಲಿ ನಿಂತವರ ಮುಖಕ್ಕೆ ತಾಗುವ ತಂಪು, ಇವೆಲ್ಲ ಕಂಡವರು ಬರೆದದ್ದೆಂದು ಗೊತ್ತಾಗುತ್ತದೆ. ಹೆಣವನ್ನು ಮಾತ್ರ ನೀವು ನೋಡಿ ಬರೆದಿಲ್ಲ. ಸಿನಿಮಾದ ಹೆಣ ಅದು.

ಸತ್ತು ಅರ್ಧ ಗಂಟೆಗೆ ದೇಹ ‘ಮಂಜುಗಡ್ಡೆಯಂತೆ’ ತಣ್ಣಗಾಗಿತ್ತು ಎಂದು ಬರೆದಿದ್ದೀರಿ. ಜೀವಂತ ದೇಹದ ಶಾಖ 37 ಡಿಗ್ರಿ. ಏಪ್ರಿಲ್‌ನ ನಮ್ಮ ಸೆಕೆಯಲ್ಲಿ ಅದು ಗಂಟೆಗೆ ಅರ್ಧ ಡಿಗ್ರಿಯ ಆಸುಪಾಸಿನಲ್ಲಿ, ನಿಧಾನವಾಗಿ ಇಳಿಯುತ್ತದೆ. ತಮ್ಮನು ಹೆಣವನ್ನು ಹೆಗಲಿಗೆ ಹಾಕಿದಾಗ ಅಣ್ಣನ ಮೈ ಇನ್ನೂ ಬೆಚ್ಚಗೇ ಇರುತ್ತದೆ. ಆ ಬಿಸಿ ಹೆಗಲಿಗೆ ತಾಗಿದರೆ ಅವನಿಗೇನಾಗುತ್ತದೆ? ಬರೆಯಬೇಕಾದದ್ದು ಅದನ್ನಲ್ಲವೇ? ಬೆಳಗ್ಗೆ ಮೂಗಿನಿಂದ ಹುಳು ಉದುರಿದವು ಎಂಬ ವಾಕ್ಯವನ್ನು ತೆಗೆದುಹಾಕಿ. ನೊಣಗಳು ರಾತ್ರಿ ಮೊಟ್ಟೆಯಿಡುವುದು ಅಪರೂಪ, ಇಟ್ಟರೂ ಹುಳುವಾಗಲು ಎಂಟರಿಂದ ಇಪ್ಪತ್ತನಾಲ್ಕು ಗಂಟೆ ಬೇಕು. ಫ್ರೀಜರ್ ಪೆಟ್ಟಿಗೆಯಲ್ಲಿಟ್ಟ ಎರಡು ದಿನದಲ್ಲಿ ಗಡ್ಡ, ಉಗುರು ಬೆಳೆದವು ಎಂಬುದೂ ಸುಳ್ಳು. ಚರ್ಮ ಒಣಗಿ ಹಿಂದೆ ಸರಿಯುತ್ತದೆ, ಅದರಿಂದ ಬೆಳೆದ ಹಾಗೆ ಕಾಣುತ್ತದೆ, ಅಷ್ಟೆ.

ಈಗ ಮುಖ್ಯ ಮಾತು. ಆ ಗುಂಡಿಯನ್ನು ಬಿಟ್ಟುಬಿಡಿ. ಅದಕ್ಕಿಂತ ಎಷ್ಟೋ ಗಟ್ಟಿಯಾದ ಸಾಕ್ಷಿಯನ್ನು ನೀವೇ ಎರಡನೆಯ ಪುಟದಲ್ಲಿ ಹರವಿಟ್ಟು ಮರೆತಿದ್ದೀರಿ: ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ.

ಹೃದಯ ನಿಂತ ಮೇಲೆ ರಕ್ತವನ್ನು ತಳ್ಳುವವರಿಲ್ಲ. ಅದು ತನ್ನ ಭಾರಕ್ಕೆ ದೇಹದ ಕೆಳಭಾಗಕ್ಕೆ ಇಳಿಯುತ್ತದೆ. ಗಂಟೆಯೊಳಗೆ ಚರ್ಮದ ಮೇಲೆ ನೇರಳೆ ಮಚ್ಚೆಗಳು ಕಾಣತೊಡಗಿ, ಬರಬರುತ್ತಾ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆರರಿಂದ ಹನ್ನೆರಡು ಗಂಟೆಯೊಳಗೆ ಆ ಬಣ್ಣ ನೆಲೆನಿಲ್ಲುತ್ತದೆ, ಆಮೇಲೆ ದೇಹವನ್ನು ಹೊರಳಿಸಿದರೂ ಜಾಗ ಬಿಡುವುದಿಲ್ಲ. ನೆಲಕ್ಕೆ ಒತ್ತಿಕೊಂಡ ಕಡೆ ಮಾತ್ರ ರಕ್ತನಾಳಗಳು ಅದುಮಿ ಹೋಗಿ ರಕ್ತ ಇಳಿಯಲು ಎಡೆಯಿರುವುದಿಲ್ಲ, ಅಲ್ಲಿ ಚರ್ಮ ಬಿಳಿಚಿಕೊಂಡೇ ಉಳಿಯುತ್ತದೆ. ನಿಮ್ಮ ವೃದ್ಧರು ಬರಿಮೈಯಲ್ಲಿ, ಅಡಿಕೆಯ ಮೇಲೆ ಕವುಚಿ ಬಿದ್ದಿದ್ದಾರೆ. ಎದೆ, ಹೊಟ್ಟೆ ನೇರಳೆಯಾಗುತ್ತವೆ, ಆ ನೇರಳೆಯ ನಡುವೆ ಒಂದೊಂದು ಅಡಿಕೆ ಒತ್ತಿದ ಕಡೆ ಒಂದೊಂದು ಬಿಳಿಯ ಚುಕ್ಕೆ. ಅಂಗಾತ ಸಿಕ್ಕಿದ ಹೆಣದ ಎದೆಯಲ್ಲಿ ಅಂಗಳ ಅಚ್ಚಾಗಿ ಕೂತಿರುತ್ತದೆ. ಸುರಂಗದ ಬಾಯಲ್ಲಿ ಅಡಿಕೆ ಎಲ್ಲಿಂದ ಬರಬೇಕು?

ಇದಕ್ಕಾಗಿ ನೀವು ಗಡಿಯಾರವನ್ನು ತಿದ್ದಬೇಕು. ಅರ್ಧ ಗಂಟೆಯಲ್ಲಿ ಹೆಣ ಸಾಗಿಸಿದರೆ ರಕ್ತವೂ ಬೆನ್ನ ಕಡೆಗೆ ಸರಿದುಬಿಡುತ್ತದೆ, ಗುರುತು ಉಳಿಯದು. ತಮ್ಮ ಹೆದರಿ ಓಡಲಿ, ನಸುಕಿನ ನಾಲ್ಕಕ್ಕೆ ಹಿಂದಿರುಗಲಿ. ಒಂಬತ್ತು ಗಂಟೆ ಕಳೆದಿರುತ್ತದೆ, ಹೆಣ ಸೆಟೆದಿರುತ್ತದೆ. ಸ್ನಾಯುವಿನ ಎಳೆಗಳು ಒಂದನ್ನೊಂದು ಹಿಡಿದು ಎಳೆದು, ಮತ್ತೆ ಬಿಡಬೇಕಾದರೆ ಎಟಿಪಿ ಎಂಬ ಇಂಧನ ಬೇಕು. ಉಸಿರು ನಿಂತ ಮೇಲೆ ಅದು ತೀರುತ್ತದೆ, ಹಿಡಿದ ಹಿಡಿತ ಹಾಗೇ ಉಳಿಯುತ್ತದೆ. ಆ ಎಳೆಗಳೇ ಕೊಳೆಯತೊಡಗಿದ ಮೇಲೆ ಮೈ ಮತ್ತೆ ಸಡಿಲವಾಗುತ್ತದೆ. ಬೀಳುವಾಗ ಬಲಗೈ ತಲೆಯ ಮೇಲಕ್ಕೆ ಚಾಚಿತ್ತು ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಸುರಂಗದ ಬಾಯಲ್ಲಿ ಅಂಗಾತ ಮಲಗಿದ ಹೆಣದ ಆ ಕೈ ನೆಲ ಮುಟ್ಟದೆ, ಯಾವ ಆಸರೆಯೂ ಇಲ್ಲದೆ, ಗಾಳಿಯಲ್ಲಿ ನಿಂತಿರಲಿ.

ಇನ್ಸ್‌ಪೆಕ್ಟರ್ ಹೆಣ ನೋಡಿದ್ದೇ ‘ಸಾವು ಏಳು ಗಂಟೆ ಹತ್ತು ನಿಮಿಷಕ್ಕೆ’ ಎನ್ನುವುದು ಬೇಡ. ಅಷ್ಟು ನಿಖರವಾಗಿ ಯಾವ ವೈದ್ಯರೂ ಹೇಳುವುದಿಲ್ಲ, ಇಷ್ಟರಿಂದ ಇಷ್ಟು ಗಂಟೆಯ ನಡುವೆ ಎನ್ನುತ್ತಾರೆ. ಆ ಇನ್ಸ್‌ಪೆಕ್ಟರ್ ಬೆಂಗಳೂರಿನ ಕನ್ನಡ ಮಾತನಾಡುವುದೂ ಬೇಡ, ಇದು ಕೇರಳದ ಕಾಸರಗೋಡು. ಇಂಥ ಸಾವಿನ ಇನ್‌ಕ್ವೆಸ್ಟ್ (ಹೆಣ ನೋಡಿ ಪೊಲೀಸರು ನಡೆಸುವ ತನಿಖೆ) 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಂತೆ ನಡೆಯುತ್ತದೆ. ಮಲಯಾಳದಲ್ಲಿ ಬರೆದ ಆ ತನಿಖೆಯ ಕಾಗದಕ್ಕೆ ಮಗ ಕನ್ನಡದಲ್ಲಿ ಸಹಿ ಹಾಕುವುದನ್ನು ಬರೆಯಿರಿ. ನೀವು ಈ ಊರಿನವರು, ಆ ಸಹಿಯ ಭಾರ ನಿಮಗೆ ಗೊತ್ತು.

ಇನ್ನೊಂದು ತಪ್ಪಿದೆ, ನನ್ನನ್ನು ಹೆಚ್ಚು ಕಾಡಿದ್ದು ಅದೇ. ಬೆಳಗ್ಗೆ ಆರಕ್ಕೆ ಮಗ ‘ತಂದೆಯ ತೆರೆದ ಬಾಯಿಯನ್ನು ಮೆಲ್ಲನೆ ಮುಚ್ಚಿದ’ ಎಂದಿದ್ದೀರಿ. ನನ್ನ ಅಜ್ಜಿ ತೀರಿಕೊಂಡ ದಿನ ನಾವೆಲ್ಲ ಅಳುತ್ತ ನಿಂತಿದ್ದಾಗ ದೊಡ್ಡಮ್ಮ ಒಬ್ಬರೇ ಹಳೆಯ ಪಂಚೆಯ ಅಂಚು ಹರಿದು ತಂದರು. ಗಲ್ಲದ ಅಡಿಯಿಂದ ನೆತ್ತಿಗೆ ಸುತ್ತಿ ಗಂಟು ಹಾಕಿದರು, ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ನೂಲು ಕಟ್ಟಿದರು. “ಹೊತ್ತಾದರೆ ಬಾಯಿ ಕೂಡುವುದಿಲ್ಲ” ಎಂದರು. ಹೆಣ ಸೆಟೆಯುವುದು ರೆಪ್ಪೆ, ದವಡೆ, ಕುತ್ತಿಗೆಗಳಲ್ಲಿ ಮೊದಲು ಕಾಣುತ್ತದೆ, ತೋಳು ಕಾಲುಗಳಲ್ಲಿ ಆಮೇಲೆ ಎಂದು ನಾನು ಪುಸ್ತಕದಲ್ಲಿ ಓದಿದ್ದು ಎಷ್ಟೋ ವರ್ಷದ ಬಳಿಕ. ದೊಡ್ಡಮ್ಮನ ಕೈಗೆ ಅದು ಗೊತ್ತಿತ್ತು.

ನಿಮ್ಮ ಮಗ ತಲುಪುವಾಗ ಹನ್ನೊಂದು ಗಂಟೆ ಕಳೆದಿದೆ. ಅವನು ಮುಚ್ಚಲು ನೋಡಲಿ, ಬಾಯಿ ಮುಚ್ಚದಿರಲಿ. ಅವನ ಒಂದೂವರೆ ಪುಟದ ಗೋಳಾಟವನ್ನು ಹೊಡೆದುಹಾಕಿ ಇದೊಂದನ್ನು ಇಡಿ.

ಸುರಂಗದ ಎರಡು ಪುಟಗಳನ್ನು ಮುಟ್ಟಬೇಡಿ. ಉಳಿದದ್ದನ್ನು ಮತ್ತೆ ಬರೆದು ಮಳೆಗಾಲ ಮುಗಿಯುವ ಮೊದಲು ಕಳುಹಿಸಿ, ಕಾಯುತ್ತೇನೆ.

ಇತಿ,
ಸಂಪಾದಕ