ಕಾರ್ಡ್ ಸುಟ್ಟಿಲ್ಲ, ಡ್ರೈವರ್ ಸಿಕ್ಕಿಲ್ಲ

ಪ್ರಶ್ನೆ: ವಿಂಡೋಸ್ 10ಕ್ಕೆ ಬೆಂಬಲ ನಿಂತ ಮೇಲೆ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿಕೊಂಡೆ. ಮನೆಗೆ ಫೈಬರ್ ಸಂಪರ್ಕವಿದೆ, ಆದರೆ ಲ್ಯಾಪ್‌ಟಾಪ್‌ನಲ್ಲಿ ವೈಫೈ ಪಟ್ಟಿಯೇ ಬರುತ್ತಿಲ್ಲ. ಒಳಗಿನ ಕಾರ್ಡ್‌ಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಪಿಸಿಐ’ (lspci) ಆದೇಶ ಕೊಟ್ಟರೆ ‘ಬ್ರಾಡ್‌ಕಾಮ್ ಬಿಸಿಎಂ43142’ ಎಂದು ತೋರಿಸುತ್ತದೆ. ವೈಫೈ ಕಾರ್ಡ್ ಸುಟ್ಟಿದೆ, ಬದಲಿಸಿ ಎನ್ನುತ್ತಾರೆ ಅಂಗಡಿಯವರು. ಏನು ಮಾಡಲಿ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಹೆಸರು ಹೇಳುತ್ತಿರುವ ಕಾರ್ಡ್ ಸುಟ್ಟಿರುವ ಸಾಧ್ಯತೆ ಕಡಿಮೆ. ಸದ್ಯಕ್ಕೆ ದುಡ್ಡು ಬಿಚ್ಚಬೇಡಿ. ಈ ಚಿಪ್ ಅನ್ನು ನಡೆಸುವ ತಂತ್ರಾಂಶವಾದ ‘ಡಬ್ಲ್ಯೂಎಲ್’ ಡ್ರೈವರನ್ನು ಬ್ರಾಡ್‌ಕಾಮ್ ಮುಕ್ತ ತಂತ್ರಾಂಶವಾಗಿ ಬಿಟ್ಟುಕೊಟ್ಟಿಲ್ಲ. ಹಾಗಾಗಿ ಅದು ಲಿನಕ್ಸ್‌ನ ತಿರುಳಾದ ಕರ್ನೆಲ್‌ನೊಳಗೆ ಇಲ್ಲ, ಬೇರೆಯಾಗಿ ಹಾಕಿಕೊಳ್ಳಬೇಕು.

ಹಾಕಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು! ರೂಟರ್ ಹತ್ತಿರವಿದ್ದರೆ ಲ್ಯಾನ್ ಕೇಬಲ್ ಸಾಕು. ಇಲ್ಲವಾದರೆ ಆಂಡ್ರಾಯ್ಡ್ ಮೊಬೈಲನ್ನು ಮನೆಯ ವೈಫೈಗೆ ಸೇರಿಸಿ, ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ನಿಮ್ಮ ಕಡೆ ಟವರ್ ಸಿಗ್ನಲ್ ಸಿಗದಿದ್ದರೂ ಇದು ನಡೆಯುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಬಳಿಕ ಮಿಂಟ್‌ನ ‘ಡ್ರೈವರ್ ಮ್ಯಾನೇಜರ್’ ತೆರೆದು ಬ್ರಾಡ್‌ಕಾಮ್ ಡ್ರೈವರ್ ಆರಿಸಿ.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ನಂಬಿಕೆಯ ತಂತ್ರಾಂಶವನ್ನಷ್ಟೇ ಏಳಲು ಬಿಡುವ ‘ಸೆಕ್ಯೂರ್ ಬೂಟ್’ ಆನ್ ಆಗಿದ್ದರೆ, ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನು ಕರ್ನೆಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕಾಗಿ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಲು ಕೇಳಬಹುದು. ರೀಸ್ಟಾರ್ಟ್ ಮಾಡಿದಾಗ ಬರುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ (ಸಹಿಯ ಕೀಲಿಯ ನೋಂದಣಿ) ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಅವಸರದಲ್ಲಿ ‘ಕಂಟಿನ್ಯೂ’ ಒತ್ತಿದರೆ ಡ್ರೈವರ್ ಇದ್ದೂ ಇಲ್ಲದಂತೆ. ಬೇಡದ ತಲೆನೋವು ಎನಿಸಿದರೆ ಬಯೋಸ್‌ನಲ್ಲಿ (ಕಂಪ್ಯೂಟರ್ ಏಳುವಾಗ ಮೊದಲು ನಡೆಯುವ ತಂತ್ರಾಂಶ) ಸೆಕ್ಯೂರ್ ಬೂಟ್ ಆಫ್ ಮಾಡಬಹುದು. ಮನೆಯಲ್ಲೇ ಇರುವ ಹಳೆಯ ಯಂತ್ರಕ್ಕೆ ನಾನು ಆಕ್ಷೇಪಿಸುವುದಿಲ್ಲ.

ಹೊಸ ಕರ್ನೆಲ್‌ಗೆ ಅಪ್‌ಡೇಟ್ ಆದ ಮೇಲೆ ವೈಫೈ ಮತ್ತೆ ಮಾಯವಾದರೆ, ಕಂಪ್ಯೂಟರ್ ಏಳುವಾಗ ‘ಅಡ್ವಾನ್ಸ್‌ಡ್ ಆಪ್ಷನ್ಸ್’ನಿಂದ ಹಳೆಯ ಕರ್ನೆಲ್ ಆರಿಸಿ ನೋಡಿ.

ಇನ್ನೊಂದು ವಿಷಯ: ಈ ಚಿಪ್ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ. ರೂಟರ್‌ನ 5 ಗಿಗಾಹರ್ಟ್ಸ್ ಹೆಸರು ಕಾಣದಿದ್ದರೆ ಡ್ರೈವರನ್ನು ದೂರಬೇಡಿ. ಮಲೆನಾಡಿನ ದಪ್ಪ ಜಂಬಿಟ್ಟಿಗೆ ಗೋಡೆ ದಾಟಲು 2.4 ಗಿಗಾಹರ್ಟ್ಸೇ ವಾಸಿ.

ಇಷ್ಟೆಲ್ಲ ಆಗಿಯೂ ಬಾರದಿದ್ದರೆ, ಒಳಗಿನ ಕಾರ್ಡ್ ಬದಲಿಸಲು ಹೋಗಬೇಡಿ. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬಯೋಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಒಪ್ಪುವುದೇ ಇಲ್ಲ. ಮೀಡಿಯಾಟೆಕ್ ಎಂಟಿ7601ಯು ಚಿಪ್ ಇರುವ ಯುಎಸ್‌ಬಿ ವೈಫೈ ಅಡಾಪ್ಟರ್ ಕೊಳ್ಳಿ. ಅದರ ಡ್ರೈವರ್ ಕರ್ನೆಲ್‌ನಲ್ಲೇ ಇದೆ. ಡಬ್ಬಿಯಲ್ಲಿ ಕೊಡುವ ಸಿ.ಡಿ. ವಿಂಡೋಸ್‌ಗೆ, ನಿಮಗೆ ಅದರ ಗೊಡವೆ ಬೇಡ.